ದೂರು ಏನೂ ಇಲ್ಲ, ಸಾರಾಂಶ ಇಷ್ಟೇ

ನನ್ನ ಗಂಟಲಲ್ಲಿ ಹತ್ತೊಂಬತ್ತು ಜನ ಬಾಡಿಗೆಗಿದ್ದಾರೆ. ನೋಯ್ಡಾ ಆಫೀಸಿನ ನನ್ನ ಮ್ಯಾನೇಜರು, ಆ ಮ್ಯಾನೇಜರಿಗೆ ಬೈಯುವ ಇನ್ನೊಬ್ಬ ಮ್ಯಾನೇಜರು, ರೋಹಿಣಿಯ ನಮ್ಮ ಬೀದಿಗೆ ಬರುವ ತರಕಾರಿ ಭಯ್ಯಾ, ಮೆಟ್ರೋ ಬಾಗಿಲಿನಿಂದ ದೂರ ನಿಲ್ಲಿ ಅನ್ನುವ ಹೆಂಗಸು, ಊಟಕ್ಕೆ ಕೂರುವ ಮೊದಲು ಮೂರು ಸಲ ಕೆಮ್ಮುವ ನನ್ನಪ್ಪ. ಕನ್ನಡಿ ಮುಂದೆ ನಿಂತರೆ ನನ್ನನ್ನೂ ಅಣಕಿಸಿಕೊಳ್ಳುತ್ತೇನೆ. ಆ ಐಟಂಗೆ ಮಾತ್ರ ಚಪ್ಪಾಳೆ ಕಡಿಮೆ. ಇಪ್ಪತ್ತನೆಯವರೊಬ್ಬರಿದ್ದಾರೆ. ಅವರ ಧ್ವನಿ ನನಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಆದರೆ ಅದನ್ನು ಸುಮ್ಮಸುಮ್ಮನೆ ಹೊರಗೆ ತೆಗೆಯುವುದಿಲ್ಲ.

ಅವರು ಹೋದ ತಿಂಗಳು ತೀರಿಕೊಂಡರು. ನಮ್ಮ ಕಡೆಯ ಮಕ್ಕಳಿಗೆಲ್ಲ ಅವರು ಸ್ಟೆನೋ ಅಂಕಲ್. ನಿಜವಾದ ಹೆಸರು ಬರೆಯುವುದಿಲ್ಲ, ಅದು ಅವರದೇ ಅಪ್ಪಣೆ. ನಾನೊಂದು ದಿನ ನಿಮ್ಮ ಮೇಲೆ ಬರೀತೀನಿ ಅಂಕಲ್ ಅಂದಾಗ, ಬರಿ, ಆದರೆ ಹೆಸರು ಹಾಕಬೇಡ, ಆ ಟೀಚರುಗಳೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಅಂದಿದ್ದರು.

ತಿಪಟೂರಿನವರು. ಇಪ್ಪತ್ತೊಂದಕ್ಕೆ ದಿಲ್ಲಿಗೆ ಬಂದು, ಒಂದು ಸರ್ಕಾರಿ ಭವನದಲ್ಲಿ ಮೂವತ್ತೈದು ವರ್ಷ ಶೀಘ್ರಲಿಪಿ ಬರೆದವರು. ಸಾಹೇಬರು ಕೆಮ್ಮಿದರೆ ಅದನ್ನೂ ಬರೆದುಕೊಳ್ಳುತ್ತಿದ್ದರಂತೆ. ನನ್ನ ಪ್ಯಾಡಿನಲ್ಲಿ ಒಂದೂ ತಿದ್ದುಪಡಿ ಬಂದಿಲ್ಲ ಅನ್ನುವುದು ಅವರ ಒಂದೇ ಒಂದು ಜಂಬ. ಕುಳ್ಳು ದೇಹ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಜೂನ್ ತಿಂಗಳ ಬಿಸಿಲಿನಲ್ಲೂ ಮೈಮೇಲೆ ಬೂದು ಕೋಟು. ಅವರ ಹಿಂದಿ ಎಷ್ಟು ಶುದ್ಧವೆಂದರೆ, ಅವರು ಟೊಮೇಟೊ ಕೇಳಿದರೆ ಭಯ್ಯಾ ತಕ್ಕಡಿ ಕೆಳಗಿಟ್ಟು ವಾರ್ತೆ ಕೇಳುವವನ ಹಾಗೆ ನಿಂತುಬಿಡುತ್ತಿದ್ದ.

ನಿವೃತ್ತಿಯಾದ ಮೇಲೆ ಪೀತಮ್‌ಪುರದ ಎರಡನೇ ಮಹಡಿಯ ತಮ್ಮ ಫ್ಲ್ಯಾಟಿನಲ್ಲಿ ಸುಮ್ಮನೆ ಕೂರಲಿಲ್ಲ. ಅವರಿಗೊಂದು ಕೆಲಸ ತಾನಾಗಿ ಹುಡುಕಿಕೊಂಡು ಬಂತು. ರೋಹಿಣಿ, ಪೀತಮ್‌ಪುರದ ಸುತ್ತ ಕರ್ನಾಟಕದ ಎಷ್ಟೋ ಸಂಸಾರಗಳಿದ್ದವು. ಗಂಡ ಸೈನ್ಯದಲ್ಲೋ ಬ್ಯಾಂಕಿನಲ್ಲೋ ಇದ್ದು ವರ್ಗವಾಗಿ ಬಂದವರು. ಮಕ್ಕಳು ಆರು ತಿಂಗಳಲ್ಲಿ ಹಿಂದಿ ಕಲಿತು ಬೀದಿ ಆಳುತ್ತಿದ್ದವು. ತಾಯಂದಿರಿಗೆ ಹಿಂದಿ ಬರುತ್ತಿರಲಿಲ್ಲ. ಎರಡು ಮೂರು ತಿಂಗಳಿಗೊಂದು ಶನಿವಾರ ಶಾಲೆಯಿಂದ ಪಿಟಿಎಂ ಅಂತ ಚೀಟಿ ಬರುತ್ತಿತ್ತು, ಅಂದರೆ ಪೋಷಕರು ಹೋಗಿ ಟೀಚರ ಎದುರು ಕೂತು ಮಗುವಿನ ಬಗ್ಗೆ ಕೇಳಿಸಿಕೊಳ್ಳುವ ದಿನ. ಅವತ್ತು ಅಂಕಲ್ ಕೋಟು ಹಾಕಿಕೊಂಡು ತಾಯಿಯ ಜೊತೆ ಹೋಗುತ್ತಿದ್ದರು. ಟೀಚರ ಹಿಂದಿಯನ್ನು ತಾಯಿಗೆ ಕನ್ನಡದಲ್ಲಿ, ತಾಯಿಯ ಕನ್ನಡವನ್ನು ಟೀಚರಿಗೆ ಹಿಂದಿಯಲ್ಲಿ.

ಅವರ ವಿಧಾನ ಒಂದೇ. ಟೀಚರು ಬಾಯಿ ತೆಗೆದ ಕೂಡಲೇ ಪ್ಯಾಡ್ ಬಿಚ್ಚಿ ಶೀಘ್ರಲಿಪಿಯಲ್ಲಿ ಬರೆಯಲು ಶುರು ಮಾಡುವರು. ತನ್ನ ಮಾತನ್ನು ಯಾರೋ ಕೋಟಿನವರು ದಾಖಲು ಮಾಡುತ್ತಿದ್ದಾರೆ ಎಂದು ಕಂಡರೆ ಎಂಥ ಟೀಚರೂ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ಟೀಚರು ಮುಗಿಸಿದ ಮೇಲೆ ಅಂಕಲ್ ಪೆನ್ಸಿಲಿನಿಂದ ಮೇಜನ್ನು ಮೂರು ಸಲ ತಟ್ಟಿ, ಹಾಳೆ ತಿರುಗಿಸಿ, ಆ ಗೀಚುಗಳನ್ನು ನೋಡುತ್ತಾ ಕನ್ನಡದಲ್ಲಿ ಓದುವರು. ಕೊನೆಗೆ, ಸಾರಾಂಶ ಇಷ್ಟೇ. ನೋಡಿ ಓದುತ್ತಿರುವ ಮನುಷ್ಯ ಸುಳ್ಳು ಹೇಳುತ್ತಾನೆಂದು ಯಾವ ತಾಯಿಗೆ ಅನುಮಾನ ಬಂದೀತು?

ಹೇಳುತ್ತಿದ್ದರು. ಕೋಟಿನ ಗುಂಡಿ ಹಾಕಿಕೊಂಡೇ ಹೇಳುತ್ತಿದ್ದರು.

ಎರಡೂ ಕಡೆಗೆ. ಬೆಳಗಾವಿ ಕಡೆಯ ಒಬ್ಬ ಅಮ್ಮ ಮಗಳ ಮಾರ್ಕ್ಸ್ ನೋಡಿ ಸಿಟ್ಟಾಗಿ, ಈ ಟೀಚರಮ್ಮಗ ಮಕ್ಳದಾವೇನ್ ಕೇಳ್ರಿ ಮೊದ್ಲ ಅಂದಿದ್ದಳಂತೆ. ಅಂಕಲ್ ಮೂರು ಸಲ ತಟ್ಟಿ, ಮಾತಾಜಿ ತಮ್ಮ ಪರಿಶ್ರಮಕ್ಕೆ ಹೃತ್ಪೂರ್ವಕ ಆಭಾರ ವ್ಯಕ್ತಪಡಿಸುತ್ತಿದ್ದಾರೆ ಎಂದು ಶುದ್ಧ ಹಿಂದಿಯಲ್ಲಿ ಓದಿದರು. ಟೀಚರು ಎದ್ದು ನಿಂತು ಕೈಮುಗಿದರಂತೆ. ಆ ನಮಸ್ಕಾರ ನೋಡಿ ಬೆಳಗಾವಿಯ ಅಮ್ಮನ ಸಿಟ್ಟೂ ಇಳಿಯಿತಂತೆ.

ಇನ್ನು ನನ್ನ ಕೇಸು.

ನಮ್ಮದು ಕುಶಾಲನಗರ. ಅಪ್ಪ ಸೈನ್ಯದಲ್ಲಿ ಹವಾಲ್ದಾರರಾಗಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ದಿಲ್ಲಿಗೆ ಬಂದೆವು. ಎರಡು ವರ್ಷಕ್ಕೆ ಅಪ್ಪನಿಗೆ ಗಡಿ ಕಡೆ ಪೋಸ್ಟಿಂಗ್ ಆಯಿತು. ನನ್ನ ಓದು ಕೆಡಬಾರದೆಂದು ನಾನೂ ಅಮ್ಮನೂ ರೋಹಿಣಿಯ ಬಾಡಿಗೆ ಮನೆಯಲ್ಲೇ ಉಳಿದೆವು. ಓದು ನನ್ನಿಂದಲೇ ಕೆಡುತ್ತಿತ್ತು, ಅದು ಬೇರೆ ವಿಷಯ. ಶಾಲೆಯಿಂದ ಅಪ್ಪನ ಫೋನಿಗೆ ಎರಡು ದೂರು ಹೋಗಿದ್ದವು. ಅಪ್ಪ ಆರ್ಡರ್ ಹೊರಡಿಸಿದರು: ಇನ್ನೊಂದು ದೂರು ಬಂದರೆ ಇವನನ್ನು ಊರ ಕಡೆಯ ಹಾಸ್ಟೆಲಿಗೆ ಹಾಕುವುದು. ಫಾರಂ ಕೂಡ ತರಿಸಿಟ್ಟಿದ್ದರು. ಅದು ಟೀವಿ ಮೇಲೆ ಇರುತ್ತಿತ್ತು. ಅಮ್ಮ ದಿನಾ ಅದರ ಧೂಳು ಒರೆಸುತ್ತಿದ್ದಳೇ ವಿನಾ ತೆಗೆದು ನೋಡುತ್ತಿರಲಿಲ್ಲ. ನಾನು ಹೋದರೆ ಆ ಎರಡು ಕೋಣೆಯಲ್ಲಿ ಅವಳೊಬ್ಬಳೇ. ಹಾಗಂತ ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಸಂಜೆ ನಾನು ಆಟದಿಂದ ಬರುವುದು ಹತ್ತು ನಿಮಿಷ ತಡವಾದರೆ ಗೇಟಿನ ಹತ್ತಿರ ನಿಂತಿರುತ್ತಿದ್ದಳು, ಅಷ್ಟೇ.

ಹೀಗಿರುವಾಗ ನಾನು ಮಾಡಿದ್ದು ನೋಡಿ. ಏಳನೇ ಕ್ಲಾಸು. ಪ್ರಾರ್ಥನೆ ಮುಗಿದ ಮೇಲೆ ಮೈಕ್ ಆರಿಸುವುದನ್ನು ಮರೆತಿದ್ದರು. ನಾನು ಹೋಗಿ, ವೈಸ್ ಪ್ರಿನ್ಸಿಪಾಲರ ಮೂಗಿನ ಧ್ವನಿಯಲ್ಲಿ, ಇಂದು ಅರ್ಧ ದಿನ ರಜೆ, ಮಕ್ಕಳು ಸಾಲಾಗಿ ಮನೆಗೆ ಹೋಗತಕ್ಕದ್ದು ಎಂದು ಘೋಷಿಸಿದೆ. ಎರಡು ಸೆಕ್ಷನ್ ಬ್ಯಾಗ್ ಹೊತ್ತು ಗೇಟಿಗೆ ಬಂದವು. ಗಾರ್ಡ್ ಗೇಟು ತೆಗೆದ. ನನ್ನ ಕಲಾಜೀವನದ ಅತಿ ದೊಡ್ಡ ಪ್ರೇಕ್ಷಕವರ್ಗ ಅದು. ಅದಾದ ನಾಲ್ಕನೇ ದಿನಕ್ಕೆ ಪಿಟಿಎಂ.

ಕ್ಲಾಸ್ ಟೀಚರೇ ನಮಗೆ ಸೈನ್ಸ್ ಟೀಚರು. ನಾನು ಸೈನ್ಸಿನಲ್ಲಿ ನಲವತ್ತಕ್ಕೆ ಹನ್ನೊಂದು ತೆಗೆದಿದ್ದೆ. ರಿಪೋರ್ಟ್ ಕಾರ್ಡಿನ ಅಂಕಿ ಅಮ್ಮನಿಗೂ ಕಾಣುತ್ತದೆ, ಅದನ್ನು ಅಂಕಲ್ ಕೂಡ ಅನುವಾದಿಸುವ ಹಾಗಿರಲಿಲ್ಲ. ಅಮ್ಮ ಮೇಜಿನ ಈಚೆ, ಅವಳ ಪಕ್ಕ ಅಂಕಲ್, ಹಿಂದೆ ಕೈಕಟ್ಟಿ ನಾನು. ಅಂಕಲ್ ಪರಿಚಯ ಆಗ ನಮಗೆ ಹೊಸತು; ಅಮ್ಮನೇ ಯಾರನ್ನೋ ಕೇಳಿ ಕರೆದುಕೊಂಡು ಬಂದಿದ್ದಳು. ಟೀಚರು ಮೈಕಿನ ಕಥೆಯನ್ನು ಮೊದಲಿನಿಂದ ಕೊನೆವರೆಗೆ ಹೇಳಿ, ಕೊನೆಗೆ ನನ್ನ ಕಡೆ ಬೆರಳು ತೋರಿಸಿದರು. "ಯೇ ಲಡ್ಕಾ ನೌಟಂಕಿ ಹೈ. ಇಸ್ಕೋ ಕಹೀಂ ಔರ್ ಡಾಲಿಯೇ." ಇವನು ನಾಟಕದವನು, ಇವನನ್ನು ಬೇರೆಲ್ಲಾದರೂ ಸೇರಿಸಿ. ಇವನು ಮುಂದೆ ಯಾವುದಕ್ಕೂ ಬರುವುದಿಲ್ಲ ಅಂತಲೂ ಸೇರಿಸಿದರು. ನನ್ನ ಕಣ್ಣ ಮುಂದೆ ಟೀವಿ ಮೇಲಿನ ಫಾರಂ ಬಂತು.

ಅಂಕಲ್ ಮೂರು ಸಲ ತಟ್ಟಿದರು. ಹಾಳೆ ತಿರುಗಿಸಿದರು.

"ಟೀಚರ್ ಹೇಳ್ತಾರೆ, ಹುಡುಗನಿಗೆ ಕಿವಿ ಬಹಳ ಚುರುಕು. ಒಂದು ಸಲ ಕೇಳಿದ್ದನ್ನ ಹಾಗೇ ಒಪ್ಪಿಸ್ತಾನೆ. ಆ ಕಿವೀನ ಪಾಠದ ಕಡೆ ತಿರುಗಿಸಿದ್ರೆ ಮುಂದಿನ ಸಲ ಇಪ್ಪತ್ತೈದು ದಾಟ್ತಾನೆ."

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು. "ಹಾಗಾದ್ರೆ ದೂರು?"

"ದೂರು ಏನೂ ಇಲ್ಲ. ಸಾರಾಂಶ ಇಷ್ಟೇ."

ಆಮೇಲೆ ಅಮ್ಮ ಟೀಚರಿಗೆ ಹೇಳಿ ಅಂತ ಏನೋ ಒಂದು ಮಾತು ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕುತ್ತಿದ್ದೆ. ಅಂಕಲ್ ಪೆನ್ಸಿಲು ಅರ್ಧಕ್ಕೆ ನಿಂತು, ಮತ್ತೆ ಓಡಿದ್ದು ಮಾತ್ರ ಕಂಡಿತು.

ಹೊರಗೆ ಶಾಲೆ ಗೇಟಿನ ಎದುರು, ಕಡಲೆ ಪಲ್ಯದ ಜೊತೆ ಮೈದಾ ರೊಟ್ಟಿ ಕೊಡುವ ಛೋಲೆ ಕುಲ್ಚೆ ಗಾಡಿ ಇತ್ತು. ಅಂಕಲ್ ತೆಗೆದುಕೊಳ್ಳುತ್ತಿದ್ದ ಫೀಸು ಒಂದೇ, ಒಂದು ಪ್ಲೇಟು. ಅದರಲ್ಲೂ ಅರ್ಧ ಕುಲ್ಚೆ ಹುಡುಗನಿಗೆ. ಅಮ್ಮನನ್ನು ನೆರಳಿನಲ್ಲಿ ನಿಲ್ಲಲು ಹೇಳಿ, ನನ್ನನ್ನು ಗಾಡಿಯ ಪಕ್ಕಕ್ಕೆ ಕರೆದರು. ನಾನು ದೊಡ್ಡ ಮನುಷ್ಯನ ಹಾಗೆ ಥ್ಯಾಂಕ್ಯೂ ಅಂಕಲ್ ಅಂದೆ.

"ಏನಕ್ಕೆ ಥ್ಯಾಂಕ್ಸು? ನಾನು ಓದಿದ್ದು ಮುಂದಿನ ಪಿಟಿಎಂದು. ಅದನ್ನ ನಿಜ ಮಾಡೋದು ನಿನ್ನ ಡ್ಯೂಟಿ. ನನ್ನ ಪ್ಯಾಡಲ್ಲಿ ಇವತ್ತಿನವರೆಗೆ ತಿದ್ದುಪಡಿ ಬಂದಿಲ್ಲ, ಗೊತ್ತಾಯ್ತಾ?" ಅಂದು ಹಸಿಮೆಣಸಿನಕಾಯಿ ಕಚ್ಚಿದರು.

ಅವತ್ತು ಸಂಜೆ ಅಪ್ಪ ಫೋನ್ ಮಾಡಿದರು. ಅಮ್ಮ ಹೇಳಿದ್ದು ನನಗೆ ಇನ್ನೂ ನೆನಪಿದೆ. ಸ್ಟೆನೋ ಸಾರ್ ಬರ್ಕೊಂಡು ಓದಿದ್ರು, ದೂರು ಏನೂ ಇಲ್ವಂತೆ. ಕಿವಿ ಚುರುಕಂತೆ. ಅಪ್ಪ ಆ ಕಡೆಯಿಂದ, ಸರಿ, ಫಾರಂ ಒಳಗಿಡು ಅಂದರು. ಇದನ್ನೆಲ್ಲ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆಂದರೆ, ಅಪ್ಪ ಕನ್ನಡ ಪತ್ರಿಕೆಯಲ್ಲಿ ಕ್ರೀಡಾಪುಟ ಬಿಟ್ಟು ಬೇರೆ ಏನನ್ನೂ ಓದುವುದಿಲ್ಲ.

ಭಾನುವಾರ ಬೆಳಿಗ್ಗೆ ಅಂಕಲ್ ಮನೆಗೆ ಹೋಗಬೇಕಾಯಿತು. ನಾನು ಪುಸ್ತಕ ಬಿಚ್ಚಿದರೆ ಅವರು ಮುಚ್ಚಿಸಿದರು. ಶುಕ್ರವಾರ ಕ್ಲಾಸಿನಲ್ಲಿ ಟೀಚರು ಏನು ಪಾಠ ಮಾಡಿದರೋ ಅದನ್ನು ಅವರ ಧ್ವನಿಯಲ್ಲೇ ಮಾಡು ಅಂದರು. ಮಾಡಿದೆ. ಟೀಚರು ಸೆರಗು ಸರಿಮಾಡಿಕೊಳ್ಳುವುದು, ಸೀಮೆಸುಣ್ಣ ಮುರಿಯುವುದು, ಅರ್ಥವಾಯಿತಾ ಮಕ್ಕಳೇ ಅನ್ನೋದಕ್ಕೆ ಸಮಝೇ ಬಚ್ಚೋಂ ಅನ್ನುವುದು ಎಲ್ಲ ಸೇರಿಸಿ. ಅಂಕಲ್ ಎದುರಿಗೆ ಕೂತು ಬರೆದುಕೊಂಡರು. ಆಮೇಲೆ ಪಠ್ಯಪುಸ್ತಕದ ಜೊತೆ ಹೋಲಿಸಿ, ಸೆರಗು ಸರಿಯಾಗಿದೆ, ದ್ಯುತಿಸಂಶ್ಲೇಷಣೆ ತಪ್ಪಿದೆ ಅಂದರು. ಸೋಮವಾರ ನಾನು ಜೀವನದಲ್ಲಿ ಮೊದಲ ಸಲ ಕ್ಲಾಸಿನಲ್ಲಿ ಗಮನವಿಟ್ಟು ಕೂತೆ. ಪಾಠಕ್ಕಲ್ಲ, ಭಾನುವಾರದ ಶೋಗೆ. ಧ್ವನಿಯ ಜೊತೆ ಪಾಠವೂ ಒಳಗೆ ಬಂದುಬಿಡುತ್ತಿತ್ತು, ತರಕಾರಿಯ ಜೊತೆ ಕೊತ್ತಂಬರಿ ಪುಕ್ಕಟೆ ಬರುವ ಹಾಗೆ. ಮುಂದಿನ ಪರೀಕ್ಷೆಯಲ್ಲಿ ಇಪ್ಪತ್ತಾರು ಬಂತು. ಅಂಕಲ್ ಕಾರ್ಡನ್ನು ಎರಡು ಸಲ ನೋಡಿ, ತಿದ್ದುಪಡಿ ಇಲ್ಲ ಅಂದರು. ಇಂಥ ಪ್ರಶಸ್ತಿ ನನಗೆ ಮತ್ತೆ ಸಿಕ್ಕಿಲ್ಲ. ಹತ್ತನೇ ಕ್ಲಾಸು ಮುಗಿಯುವವರೆಗೂ ಪ್ರತಿ ಪಿಟಿಎಂಗೂ ಅಮ್ಮ ಅವರನ್ನೇ ಕರೆದುಕೊಂಡು ಹೋದಳು.

ಎಲ್ಲರೂ ನನ್ನಷ್ಟು ಸಾಧುಗಳಾಗಿರಲಿಲ್ಲ. ಅಂಕಲ್ ಓದಿದ್ದನ್ನು ನಿಜ ಮಾಡದ ಮಕ್ಕಳೂ ಇದ್ದರು. ಮೂರು ಜನ ಅಂತ ಅವರೇ ಹೇಳಿದ್ದರು, ಯಾರೆಂದು ಹೇಳಲಿಲ್ಲ. ಅವರಿಗೆ ಏನು ಮಾಡಿದಿರಿ ಅಂತ ಕೇಳಿದೆ. ಏನು ಮಾಡೋದು, ಮುಂದಿನ ಪಿಟಿಎಂಗೂ ಕೋಟು ಇಸ್ತ್ರಿ ಮಾಡಿಸಿದೆ ಅಂದರು.

ಇಷ್ಟು ಒಳ್ಳೆಯ ಸುಳ್ಳುಗಾರ ಇವರು ಆದದ್ದು ಹೇಗೆ ಅನ್ನುವುದು ನನಗೆ ಹನ್ನೊಂದನೇ ಕ್ಲಾಸಿನಲ್ಲಿ ಗೊತ್ತಾಯಿತು. ಮೆಟ್ರೋದಲ್ಲಿ ಹೋಗುತ್ತಿದ್ದೆವು. ನಾನು ತಮಾಷೆಗೆ, ಅಂಕಲ್, ನೀವು ನಿಮ್ಮ ಮಗಳ ಪಿಟಿಎಂನಲ್ಲೂ ಹೀಗೇ ಓದ್ತಿದ್ರಾ ಅಂದೆ. ಅವರು ಕಿಟಕಿ ಕಡೆ ತಿರುಗಿದರು. ಹಾಗೇ ಹೊರಗೆ ನೋಡುತ್ತಾ ಹೇಳಿದರು.

ಮಗಳು ಆಗ ಎಂಟನೇ ಕ್ಲಾಸಿನಲ್ಲಿದ್ದಳು. ಇವರ ಹೆಂಡತಿಗೆ ಹಿಂದಿ ಬಾರದು, ಜೊತೆಗೆ ಇವರೇ ಹೋದರು. ಟೀಚರು, ಈ ಹುಡುಗಿಗೆ ಓದು ಹತ್ತುವುದಿಲ್ಲ, ಮನೆಗೆಲಸ ಕಲಿಸಿ ಅಂದರು. ಇವರು ಆಫೀಸಿನ ಅಭ್ಯಾಸದಂತೆ ಬರೆದುಕೊಂಡು, ಮಗಳ ಎದುರಿಗೇ ಹೆಂಡತಿಗೆ ಅಕ್ಷರಕ್ಕೆ ಅಕ್ಷರ ಕನ್ನಡ ಮಾಡಿ ಓದಿದರು.

"ಹಿಂದೀಲಿ ಕೇಳಿದಾಗ ಅವಳು ಅಳಲಿಲ್ಲ ಕಣೋ. ಟೀಚರು ಹೊರಗಿನವರು. ಅದೇ ಮಾತು ಕನ್ನಡದಲ್ಲಿ, ನನ್ನ ಬಾಯಿಂದ ಬಂತಲ್ಲ, ಆಗ ಅತ್ತಳು."

ಅವತ್ತಿನಿಂದ ಎರಡು ವರ್ಷ ಮಗಳು ಅವರ ಜೊತೆ ಹಿಂದಿಯಲ್ಲೇ ಮಾತಾಡಿದಳಂತೆ. ಅಮ್ಮನ ಜೊತೆ ಕನ್ನಡ, ಅಪ್ಪನ ಜೊತೆ ಹಿಂದಿ. ಊಟಕ್ಕೆ ಕರೆದರೂ ಬಂದೆ ಅನ್ನದೆ ಆ ರಹೀ ಹೂಂ. ಎರಡು ವರ್ಷವಾದ ಮೇಲೆ ಒಂದು ದಿನ ಅವರ ಪ್ಯಾಡ್ ಎತ್ತಿಕೊಂಡು ಬಂದು, ಈ ಗೀಚು ನನಗೆ ಕಲಿಸು, ನನ್ನ ಬಗ್ಗೆ ಏನು ಬರೀತೀಯ ಅಂತ ನಾನೇ ಓದಬೇಕು ಅಂದಳಂತೆ, ಕನ್ನಡದಲ್ಲಿ. ಕಲಿಸಿದರು. ಓದು ಹತ್ತದ ಆ ಹುಡುಗಿ ಈಗ ದಿಲ್ಲಿಯ ಒಂದು ಕೋರ್ಟಿನಲ್ಲಿ ಸ್ಟೆನೋ. ನಾನವಳನ್ನು ದೀದಿ ಅನ್ನುತ್ತೇನೆ.

ಹದಿಮೂರನೇ ದಿನದ ಊಟಕ್ಕೆ ಅಮ್ಮನೂ ನಾನೂ ಪೀತಮ್‌ಪುರಕ್ಕೆ ಹೋದೆವು. ಅಪ್ಪನಿಗೆ ಈಗ ನಿವೃತ್ತಿಯಾಗಿದೆ, ನಮ್ಮ ಜೊತೆಗೇ ಇದ್ದಾರೆ. ಮಂಡಿನೋವೆಂದು ಮನೆಯಲ್ಲೇ ಉಳಿದರು. ಊಟದ ನಂತರ ದೀದಿ ಒಂದು ಟ್ರಂಕು ತೆಗೆದಳು. ತುಂಬ ಪ್ಯಾಡುಗಳು. ಪ್ರತಿಯೊಂದರ ಮೇಲೂ ಒಂದೊಂದು ಮಗುವಿನ ಹೆಸರು, ಕ್ಲಾಸು. ಬಂದವರಿಗೆ ಅವರವರದನ್ನು ಕೊಡುತ್ತಾ ನಮ್ಮ ಹತ್ತಿರ ಬಂದಳು.

"ಯೇ ತೇರಾ ವಾಲಾ," ಅಂತ ನನ್ನ ಪ್ಯಾಡ್ ತೋರಿಸಿದಳು. "ಓದ್ಲಾ, ಬೇಡ್ವಾ?"

ನನಗೆ ಸಣ್ಣ ಭಯವಾಯಿತು. ಟೀಚರು ನಿಜವಾಗಿ ಏನು ಹೇಳಿದ್ದರೆಂದು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲವಲ್ಲ. ಆಮೇಲೆ ಅಂದುಕೊಂಡೆ, ಇಪ್ಪತ್ತಾರು ವಯಸ್ಸಾಯಿತು, ಇನ್ನು ಯಾವ ಹಾಸ್ಟೆಲಿಗೆ ಹಾಕುತ್ತಾರೆ. ಓದು ದೀದಿ ಅಂದೆ.

ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಓದುವ ಹಾಗೆ, ಏರಿಳಿತವಿಲ್ಲದೆ ಓದಿದಳು. ಟೀಚರ ಮಾತು ಒಂದೂ ಬಿಟ್ಟಿರಲಿಲ್ಲ. ಮೈಕು, ಗೇಟು, ಗಾರ್ಡು, ನೌಟಂಕಿ, ಬೇರೆಲ್ಲಾದರೂ ಸೇರಿಸಿ, ಯಾವುದಕ್ಕೂ ಬರುವುದಿಲ್ಲ. ಎಲ್ಲರಿಗೂ ಸಿಹಿಯಾದದ್ದನ್ನು ಓದಿದ ಮನುಷ್ಯ ಪ್ಯಾಡಿನಲ್ಲಿ ಮಾತ್ರ ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ. ಹಾಳೆ ತಿರುವಿ ದೀದಿ ಮುಂದುವರಿಸಿದಳು.

"ತಾಯಿ: ಟೀಚರಿಗೆ ಹೇಳಿ ಸಾರ್, ಅವನು ಇನ್ನು ಮೈಕ್ ಹತ್ರ ಹೋಗದ ಹಾಗೆ ನಾನು ನೋಡ್ಕೋತೀನಿ."

ದೀದಿ ತಲೆಯೆತ್ತಿ ನನ್ನನ್ನು ನೋಡಿದಳು. ಕೆಳಗೆ ನಮ್ಮಪ್ಪಂದೇ ಒಂದು ನೋಟ್ ಇದೆ ಅಂದು ಅದನ್ನೂ ಓದಿದಳು.

"ಮೈಕಿನ ವಿಷಯ ನಾನು ಕನ್ನಡದಲ್ಲಿ ಹೇಳಿಲ್ಲ. ತಾಯಿಗೆ ಹಿಂದಿ ತಿಳಿಯುತ್ತದೆ. ನಾನು ಓದಿದ್ದನ್ನು ಅವರು ತಿದ್ದಲಿಲ್ಲ."

ನಾನು ಅಮ್ಮನ ಕಡೆ ತಿರುಗಿದೆ. ಅವಳು ಲೋಟದ ತಳದಲ್ಲಿದ್ದ ಚಹಾವನ್ನು ಬಹಳ ಮುಖ್ಯವಾದ ಕೆಲಸದ ಹಾಗೆ ನೋಡುತ್ತಿದ್ದಳು. ಹತ್ತೊಂಬತ್ತು ಜನರಲ್ಲಿ ಒಬ್ಬರೂ ನನ್ನ ಸಹಾಯಕ್ಕೆ ಬರಲಿಲ್ಲ.

"ನಿಂಗೆ ಹಿಂದಿ ಬರ್ತಿತ್ತಾ?"

"ಅಷ್ಟೊತ್ತಿಗೆ ಎರಡು ವರ್ಷ ಆ ತರಕಾರಿಯವನ ಜೊತೆ ಜಗಳ ಆಡಿದ್ದೆ. ಅಷ್ಟೂ ಬರಲ್ವಾ?"

"ಮತ್ತೆ ಅವರನ್ನ ಯಾಕೆ ಕರ್ಕೊಂಡು ಹೋದೆ?"

"ನಿಮ್ಮಪ್ಪ ಫೋನಲ್ಲಿ ಕೇಳ್ತಾರಲ್ಲ. ನಂಗೆ ಸುಳ್ಳು ಹೇಳೋಕೆ ಬರಲ್ಲ. ಅವರು ಓದಿದ್ದನ್ನ ಹೇಳಿದೆ, ಅದು ಸುಳ್ಳಾ?" ಲೋಟ ಕೆಳಗಿಟ್ಟಳು. "ಆ ಟೀಚರು ಹೇಳಿದ್ದನ್ನ ನೀನು ನಿಂತು ಕೇಳ್ತಾ ಇದ್ದೆ. ಒಳ್ಳೇದೂ ಒಂದು ಸಲ ಕೇಳ್ಲಿ ಅಂತ."

ಆಮೇಲಿನ ಪಿಟಿಎಂಗಳಲ್ಲೂ ಅಷ್ಟೇ. ಒಬ್ಬರು ಗೊತ್ತಿದ್ದೂ ಬೇರೆ ಓದಿದರು, ಇನ್ನೊಬ್ಬಳು ಗೊತ್ತಿದ್ದೂ ತಲೆಯಾಡಿಸಿದಳು. ಮೂರು ವರ್ಷಕ್ಕೂ ಹೆಚ್ಚು ಕಾಲ ನನ್ನ ಕಣ್ಣೆದುರಿಗೇ ಇಬ್ಬರು ಇಷ್ಟು ಚೆನ್ನಾಗಿ ನಟಿಸಿದರು, ನೌಟಂಕಿ ಅಂತ ಹೆಸರು ಬಂದದ್ದು ಮಾತ್ರ ನನಗೆ.

ದೀದಿ ಪ್ಯಾಡಿನ ಜೊತೆ ಅಂಕಲ್ ಕೋಟಿನ ಜೇಬಿನಲ್ಲಿದ್ದ ಮೋಟು ಪೆನ್ಸಿಲನ್ನೂ ನನಗೇ ಕೊಟ್ಟಳು. ರೋಹಿಣಿಗೆ ವಾಪಸು ಬರುವಾಗ ಆಟೋದಲ್ಲಿ ಅಮ್ಮ ತರಕಾರಿ ಬೆಲೆ ಬಿಟ್ಟು ಬೇರೇನೂ ಮಾತಾಡಲಿಲ್ಲ.

ಮನೆಗೆ ಬಂದರೆ ಅಪ್ಪ ಟೀವಿ ಎದುರು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಕೈಯಲ್ಲಿದ್ದ ಪ್ಯಾಡ್ ನೋಡಿ, ಏನದು ಅಂದರು. ಸ್ಟೆನೋ ಅಂಕಲ್ ನನ್ನ ಏಳನೇ ಕ್ಲಾಸಿನ ಪಿಟಿಎಂನಲ್ಲಿ ಬರೆದುಕೊಂಡದ್ದು, ದೀದಿ ಕೊಟ್ಟಳು ಅಂದೆ. ಅಪ್ಪ ಟೀವಿಯ ಸದ್ದು ತಗ್ಗಿಸಿದರು.

"ಏನು ಬರೆದಿದ್ದಾರೆ ಅದರಲ್ಲಿ?"

ಅಮ್ಮ ಆಗಲೇ ಅಡುಗೆಮನೆಗೆ ಹೋಗಿಯಾಗಿತ್ತು. ಅಲ್ಲಿ ನಲ್ಲಿ ನೀರು ಬೀಳುತ್ತಿದ್ದ ಸದ್ದು ನಿಂತಿತು.

ನಾನು ಅಪ್ಪನ ಎದುರು ಕುರ್ಚಿ ಎಳೆದುಕೊಂಡು ನೆಟ್ಟಗೆ ಕೂತೆ. ಪ್ಯಾಡ್ ಬಿಚ್ಚಿದೆ. ಒಂದು ಗೀಚೂ ನನಗೆ ಅರ್ಥವಾಗುವುದಿಲ್ಲ. ಪೆನ್ಸಿಲಿನಿಂದ ಟೀಪಾಯಿಯನ್ನು ಮೂರು ಸಲ ತಟ್ಟಿ, ಹಾಳೆ ತಿರುಗಿಸಿ, ನನ್ನ ಇಪ್ಪತ್ತನೆಯವರನ್ನು ಹೊರಗೆ ಕರೆದೆ.

"ಟೀಚರ್ ಹೇಳ್ತಾರೆ, ಹುಡುಗನಿಗೆ ಕಿವಿ ಬಹಳ ಚುರುಕು."

ಅಪ್ಪ ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು.

"ದೂರು?"

"ದೂರು ಏನೂ ಇಲ್ಲ. ಸಾರಾಂಶ ಇಷ್ಟೇ."

ಅಡುಗೆಮನೆಯಲ್ಲಿ ನಲ್ಲಿ ನೀರು ಮತ್ತೆ ಬೀಳತೊಡಗಿತು.